ಅಮೋನಿಯಾ ಬ್ಲ್ಯಾಂಕ್ ಮಧ್ಯಾಹ್ನವಾದಂತೆ ಏರುತ್ತಿದೆ: ಹೊಸ ಪರೀಕ್ಷಾಲಯದ ಗೋಡೆ ಎಲ್ಲಿ ಬರಬೇಕು?

ಕೆರೆಕೋಡಿ ಬರೆದದ್ದು:
ಎಲ್ಲರಿಗೂ ನಮಸ್ಕಾರ. ಕುಡಿಯುವ ನೀರನ್ನೂ ಕೊಳಚೆ ನೀರನ್ನೂ ಒಂದೇ ಕಟ್ಟಡದಲ್ಲಿ ಪರೀಕ್ಷಿಸುವ ರಾಷ್ಟ್ರಮಟ್ಟದ ಪರೀಕ್ಷಾಲಯವೊಂದರ ನಕ್ಷೆಗೆ ಈ ತಿಂಗಳೊಳಗೆ ನಾವು ಒಪ್ಪಿಗೆ ಕೊಡಬೇಕಾಗಿದೆ. ಸದ್ಯಕ್ಕೆ ಕೋಲಾರದ ಸಮೀಪ ಒಂದು ಬಾಡಿಗೆ ಕಟ್ಟಡದಲ್ಲಿ ಕೆಲಸ ನಡೆಯುತ್ತಿದೆ. ಫ್ಲೋರೈಡ್ ಇರುವ ಕೊಳವೆಬಾವಿಗಳ ನೀರು ಒಂದು ಕಡೆಯಿಂದ ಬರುತ್ತದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ತುಂಬುತ್ತಿರುವ ಕೆರೆಗಳ ಮಾದರಿಗಳೂ ಸಂಸ್ಕರಣಾ ಘಟಕಗಳ ಕಚ್ಚಾ ಕೊಳಚೆಯೂ ಇನ್ನೊಂದು ಕಡೆಯಿಂದ ಬರುತ್ತವೆ.

ಸಮಸ್ಯೆ ಇದು. ಕುಡಿಯುವ ನೀರಿನ ಅಮೋನಿಯಾವನ್ನು ಫೀನೇಟ್ ವಿಧಾನದಲ್ಲಿ, ಅಂದರೆ ಅಮೋನಿಯಾದಿಂದ ಹುಟ್ಟುವ ನೀಲಿ ಬಣ್ಣವನ್ನು 640 ನ್ಯಾನೋಮೀಟರಿನ ಬೆಳಕಿನಲ್ಲಿ ಓದಿ, ಅಳೆಯುತ್ತೇವೆ. ಬೆಳಿಗ್ಗೆ ಬ್ಲ್ಯಾಂಕ್ (ಮಾದರಿಯ ಬದಲು ಬರೀ ಶುದ್ಧ ನೀರಿನ ಮೇಲೆ ಮಾಡುವ ಅಳತೆ) ಲೀಟರಿಗೆ 0.02 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ, ಮಧ್ಯಾಹ್ನ ಮೂರರ ಹೊತ್ತಿಗೆ 0.09 ದಾಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಮಿತಿಯೇ 0.5 ಆಗಿರುವಾಗ ಇಷ್ಟು ತೇಲಾಡುವ ಬ್ಲ್ಯಾಂಕನ್ನು ಇಟ್ಟುಕೊಂಡು ವರದಿಗೆ ಸಹಿ ಹಾಕಲು ಮನಸ್ಸು ಒಪ್ಪುವುದಿಲ್ಲ. ಪಕ್ಕದ ಕೊಠಡಿಯಲ್ಲಿ ತೆರೆಯುವ ಕೊಳಚೆ ಬಾಟಲಿಗಳೇ ಇದಕ್ಕೆ ಕಾರಣವೆಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಹೊಸ ಕಟ್ಟಡದ ನಡುವೆ ಒಂದು ಗಟ್ಟಿ ಗೋಡೆ ಎಬ್ಬಿಸಿದರೆ ಸಾಕೆಂಬುದು ಅವರ ಸಲಹೆ. ಹಾಗೆ ಮಾಡುವ ಮೊದಲು ತಿಳಿದವರನ್ನು ಕೇಳೋಣವೆನಿಸಿತು.

ಬಟ್ಟಿನೀರು ಬರೆದದ್ದು:
ಗೋಡೆಯ ಮಾತಿಗೆ ಮೊದಲು ನೀರಿನ ಮಾತು. ಬ್ಲ್ಯಾಂಕಿಗೆ ಬಳಸುವ ಶುದ್ಧ ನೀರನ್ನು ಯಂತ್ರದ ನಳಿಕೆಯಿಂದ ಆಗಾಗ ಹಿಡಿಯುತ್ತೀರೋ, ಬೆಳಿಗ್ಗೆ ಕ್ಯಾನಿಗೆ ತುಂಬಿಟ್ಟು ದಿನವಿಡೀ ಬಳಸುತ್ತೀರೋ? ಯಂತ್ರದ ಮೀಟರು 18.2 ಮೆಗಾಓಮ್ (ಅತಿಶುದ್ಧ ನೀರಿನ ಗುರುತು) ತೋರಿಸಿದರೂ ಅದು ನಳಿಕೆಯ ಬಾಯಿಯ ಲೆಕ್ಕವೇ ಹೊರತು ಕ್ಯಾನಿನೊಳಗಿನ ಲೆಕ್ಕವಲ್ಲ. ಶುದ್ಧ ನೀರು ಗಾಳಿಯಲ್ಲಿರುವ ಅಮೋನಿಯಾವನ್ನು ಬಹಳ ಬೇಗ ಹೀರಿಕೊಳ್ಳುತ್ತದೆ.

ಒಂದು ದಿನದ ಪರೀಕ್ಷೆ ಮಾಡಿ ನೋಡಿ. ಅದೇ ಗಳಿಗೆಯಲ್ಲಿ ಹಿಡಿದ ನೀರನ್ನು ಒಂದೇ ಅಳತೆಯ ನಾಲ್ಕು ಬೀಕರುಗಳಿಗೆ ಹಾಕಿ, ಒಂದನ್ನು ಕೊಳಚೆ ವಿಭಾಗದಲ್ಲೂ ಒಂದನ್ನು ಕುಡಿಯುವ ನೀರಿನ ವಿಭಾಗದಲ್ಲೂ ಒಂದನ್ನು ಕಚೇರಿ ಕೋಣೆಯಲ್ಲೂ ತೆರೆದಿಟ್ಟು, ನಾಲ್ಕನೆಯದನ್ನು ಬಿಗಿಯಾಗಿ ಮುಚ್ಚಿಡಿ. ಸಂಜೆ ನಾಲ್ಕನ್ನೂ ಒಂದೇ ಸರಣಿಯಲ್ಲಿ, ಒಂದೇ ರಾಸಾಯನಿಕಗಳಿಂದ ಓದಿ. ನೆಲ ಒರೆಸುವವರು ಮತ್ತು ಗಾಜು ಉಜ್ಜುವವರು ಯಾವ ದ್ರಾವಣ ಬಳಸುತ್ತಾರೆಂಬುದನ್ನೂ ಕೇಳಿ ತಿಳಿದುಕೊಳ್ಳಿ. ಗಾಜಿನ ಕ್ಲೀನರುಗಳಲ್ಲಿ ಅಮೋನಿಯಾ ಇರುವುದುಂಟು.

ಕೆರೆಕೋಡಿ ಬರೆದದ್ದು:
ಮಾಡಿದೆವು. ಕ್ಯಾನಿನ ವಿಷಯದಲ್ಲಿ ತಮ್ಮ ಊಹೆ ಸರಿಯಾಗಿತ್ತು, ಬೆಳಿಗ್ಗೆ ತುಂಬಿಟ್ಟದ್ದನ್ನೇ ಸಂಜೆಯವರೆಗೂ ಬಳಸುತ್ತಿದ್ದೆವು. ಮುಚ್ಚಿಟ್ಟ ಬೀಕರು ಏರಲಿಲ್ಲ, ಕಚೇರಿಯದು ಹೆಚ್ಚುಕಡಿಮೆ ಹಾಗೆಯೇ ಉಳಿಯಿತು, ಕೊಳಚೆ ವಿಭಾಗದ್ದು ತುಸು ಏರಿತು. ಎಲ್ಲಕ್ಕಿಂತ ಹೆಚ್ಚು ಏರಿದ್ದು ಕುಡಿಯುವ ನೀರಿನ ವಿಭಾಗದ ಬೀಕರು! ಕಚ್ಚಾ ಕೊಳಚೆಯಲ್ಲಿ ಲೀಟರಿಗೆ ಇಪ್ಪತ್ತು ಮೂವತ್ತು ಮಿಲಿಗ್ರಾಂ ಅಮೋನಿಯಾ ಇರುವಾಗ ಇದು ಹೇಗೆ ಸಾಧ್ಯ? ಕ್ಲೀನರಿನಲ್ಲಿ ಅಮೋನಿಯಾ ಇಲ್ಲ, ಅದನ್ನು ಖಚಿತಪಡಿಸಿಕೊಂಡಿದ್ದೇವೆ.

ಬಟ್ಟಿನೀರು ಬರೆದದ್ದು:
ಅದೇ ಕೊಠಡಿಯಲ್ಲಿ ನೀರಿನ ಗಡಸುತನದ ಟೈಟ್ರೇಷನ್ (ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಅಳೆಯುವುದು) ಮಾಡುತ್ತೀರಲ್ಲವೇ? ಅದಕ್ಕೆ ಬಳಸುವ ಇಡಿಟಿಎ ವಿಧಾನದಲ್ಲಿ ಪಿಎಚ್ ಅನ್ನು 10ರಲ್ಲಿ ನಿಲ್ಲಿಸುವ ಬಫರನ್ನು ಒಮ್ಮೆ ನೆನಪಿಸಿಕೊಳ್ಳಿ: 16.9 ಗ್ರಾಂ ಅಮೋನಿಯಂ ಕ್ಲೋರೈಡನ್ನು 143 ಮಿಲಿಲೀಟರ್ ಗಾಢ ಅಮೋನಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿ, ಮೆಗ್ನೀಸಿಯಂ ಲವಣ ಸೇರಿಸಿ, 250 ಮಿಲಿಲೀಟರಿಗೆ ತುಂಬಿಸಿದ್ದು. ಮೇಜಿನ ಮೇಲೆ ಮುಚ್ಚಳ ತೆರೆದು ಕುಳಿತ ಆ ಪುಟ್ಟ ಬಾಟಲಿಯ ಮುಂದೆ ನಿಮ್ಮ ಕೊಳಚೆ ಕ್ಯಾನುಗಳು ಲೆಕ್ಕಕ್ಕೇ ಇಲ್ಲ.

ಎಷ್ಟು ಅಮೋನಿಯಾ ಇದೆಯೆಂಬುದಕ್ಕಿಂತ ಅದು ಯಾವ ರೂಪದಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಪಿಎಚ್ 7ರ ಕೊಳಚೆಯಲ್ಲಿ ಶೇಕಡ 99ಕ್ಕೂ ಹೆಚ್ಚು ಭಾಗ ಅಮೋನಿಯಂ ಅಯಾನಾಗಿ ನೀರಿನಲ್ಲೇ ಉಳಿಯುತ್ತದೆ. ಗಂಧಕಾಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ ತಂದ ಮಾದರಿಯಿಂದಂತೂ ಏನೂ ಹೊರಬರುವುದಿಲ್ಲ. ಪಿಎಚ್ 10ರ ಬಫರಿನಲ್ಲಾದರೋ ಶೇಕಡ 80ಕ್ಕೂ ಹೆಚ್ಚು ಭಾಗ ಅನಿಲವಾಗಿ ಏಳಲು ಸಿದ್ಧವಾಗಿಯೇ ಇರುತ್ತದೆ. ಬೆಳಿಗ್ಗೆ ಯಾರೂ ಟೈಟ್ರೇಷನ್ ಆರಂಭಿಸಿರುವುದಿಲ್ಲವಾದ್ದರಿಂದ ಬ್ಲ್ಯಾಂಕ್ ಕಡಿಮೆ ಇರುತ್ತದೆ. ಕೊಳಚೆ ವಿಭಾಗದಲ್ಲಿ ತುಸು ಏರಿದ್ದಕ್ಕೆ ನನ್ನ ಸಂಶಯ ಸಾವಯವ ಸಾರಜನಕವನ್ನು ಅಮೋನಿಯಾ ಆಗಿಸಿ ಅಳೆಯುವ ಜೆಲ್ಡಾಲ್ ಬಟ್ಟಿಯ ಮೇಲಿದೆ. ಅಲ್ಲಿಯೂ ಕ್ಷಾರ ಹಾಕುತ್ತೇವೆ.

ನಡುಗೋಡೆ ಎಬ್ಬಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ: ಕಳ್ಳನನ್ನು ಮನೆಯೊಳಗೇ ಇಟ್ಟು ಬೀಗ ಹಾಕಿದಂತಾಗುತ್ತಿತ್ತು.

ಸೋಸುಪೊರೆ ಬರೆದದ್ದು:
ನಾನು ಸೂಕ್ಷ್ಮಜೀವಿ ವಿಭಾಗದವಳು, ಮೇಲಿನ ಮಾತನ್ನು ಒಪ್ಪುತ್ತಲೇ ಒಂದು ತಿದ್ದುಪಡಿ ಸೇರಿಸುತ್ತೇನೆ. ಅಮೋನಿಯಾ ಪ್ರಕರಣದಲ್ಲಿ ಕೊಳಚೆ ನಿರಪರಾಧಿಯಾದ ಮಾತ್ರಕ್ಕೆ ಗೋಡೆಯೇ ಬೇಡವೆಂದು ತೀರ್ಮಾನಿಸಬೇಡಿ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲದ ಸೂಚಕವಾದ ಇ.ಕೋಲಿ ಬ್ಯಾಕ್ಟೀರಿಯಾ ಒಂದೂ ಕಾಣಬಾರದು, ಕಚ್ಚಾ ಕೊಳಚೆಯ ಅಷ್ಟೇ ನೀರಿನಲ್ಲಿ ಅವು ಲಕ್ಷಗಟ್ಟಲೆ ಇರುತ್ತವೆ. ಒಂದು ಹನಿ ಸಿಡಿದರೂ ಆ ದಿನದ ಫಿಲ್ಟರುಗಳೆಲ್ಲ ಅನುಮಾನಕ್ಕೆ ಗುರಿ. ಆದ್ದರಿಂದ ಮಾದರಿ ಸ್ವೀಕರಿಸುವ ಕಿಟಕಿ, ಫ್ರಿಜ್, ಗಾಜು ತೊಳೆಯುವ ತೊಟ್ಟಿ ಎರಡಕ್ಕೂ ಬೇರೆಬೇರೆ ಇರಲಿ. ಸೂಕ್ಷ್ಮಜೀವಿ ಬೆಳೆಸುವ ಮಾಧ್ಯಮದ ಕ್ರಿಮಿಶುದ್ಧಿಗೆ ಒಂದು ಆಟೋಕ್ಲೇವ್ (ಒತ್ತಡದ ಹಬೆಯ ಪಾತ್ರೆ), ಬಳಸಿ ಎಸೆಯುವ ತಟ್ಟೆಗಳಿಗೆ ಇನ್ನೊಂದು ಬೇಕು. ಹಣ ಉಳಿಸಲು ಇದನ್ನು ಒಂದಾಗಿಸುವವರನ್ನು ನಾನು ಎಂದಿಗೂ ಕ್ಷಮಿಸಲಾರೆ.

ಪರೀಕ್ಷಾಲಯಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ/ಐಇಸಿ 17025:2017ರ 6.3ನೆಯ ವಿಭಾಗ ಕೇಳುವುದು ಒಂದಕ್ಕೊಂದು ಹೊಂದದ ಕೆಲಸಗಳನ್ನು ಪರಿಣಾಮಕಾರಿಯಾಗಿ ಬೇರ್ಪಡಿಸಬೇಕೆಂದು. ಹೊಂದದಿರುವುದು ಯಾವುದು ಎಂಬುದನ್ನು ನಾವೇ ಕಂಡುಹಿಡಿಯಬೇಕು. ಹೀಗಾಗಿ ಪರೀಕ್ಷೆಗಳ ಪಟ್ಟಿಯ ಎದುರು ಪ್ರತಿಯೊಂದಕ್ಕೂ ಬಳಸುವ ರಾಸಾಯನಿಕಗಳನ್ನು ಬರೆದುಕೊಂಡು, ಒಂದರ ರಾಸಾಯನಿಕ ಇನ್ನೊಂದರ ಅಳತೆಯ ವಸ್ತುವೇ ಆಗಿರುವ ಜೋಡಿಗಳನ್ನು ಗುರುತಿಸಿ, ಆಮೇಲೆ ನಕ್ಷೆಗೆ ಕೈ ಹಚ್ಚಿ. ನೈಟ್ರಿಕ್ ಆಮ್ಲದಲ್ಲಿ ಮಾದರಿಗಳನ್ನು ಕುದಿಸುವ ಜಾಗದ ಪಕ್ಕದಲ್ಲೇ ನೈಟ್ರೇಟ್ ಅಳೆಯುವುದೂ ಇಂಥದ್ದೇ ಜೋಡಿ. ಗಾಳಿಯನ್ನೂ ಮರೆಯಬೇಡಿ: ಕೊಳಚೆ ವಿಭಾಗದ ಗಾಳಿಯ ಒತ್ತಡ ಓಣಿಗಿಂತ ಕಡಿಮೆಯಿರಬೇಕು, ಅಲ್ಪ ಪ್ರಮಾಣದ ಅಳತೆಗಳ ಕೊಠಡಿಯಲ್ಲಿ ಹೆಚ್ಚಿರಬೇಕು. ಇಡೀ ಕಟ್ಟಡದ ಗಾಳಿಯನ್ನು ಒಂದೇ ಹವಾನಿಯಂತ್ರಣ ಯಂತ್ರ ಮರಳಿ ಸುತ್ತಿಸುವುದಾದರೆ ಇಟ್ಟಿಗೆ ಗೋಡೆಗೆ ಅರ್ಥವೇ ಇರುವುದಿಲ್ಲ.

ಕೆರೆಕೋಡಿ ಬರೆದದ್ದು:
ಬಫರನ್ನೂ ಟೈಟ್ರೇಷನ್ನನ್ನೂ ಕೊಳಚೆ ವಿಭಾಗದ ಫ್ಯೂಮ್ ಹುಡ್ಡಿಗೆ (ಆವಿಯನ್ನು ಹೊರಗೆಳೆಯುವ ಗೂಡಿಗೆ) ಸಾಗಿಸಿ, ಬ್ಲ್ಯಾಂಕಿನ ನೀರನ್ನು ಬೇಕಾದಾಗಲೇ ಹಿಡಿಯಲಾರಂಭಿಸಿ ಎರಡು ವಾರಗಳಾದವು. ಮಧ್ಯಾಹ್ನದ ಬ್ಲ್ಯಾಂಕ್ ಈಗ ಬೆಳಗಿನದಕ್ಕೆ ಸಮನಾಗಿದೆ. ನಕ್ಷೆಯಲ್ಲಿ ಗಡಸುತನಕ್ಕೂ ಜೆಲ್ಡಾಲ್ ಬಟ್ಟಿಗೂ ಸೇರಿ ಒಂದು ಪ್ರತ್ಯೇಕ ಕೊಠಡಿ ಬಂದಿದೆ, ಆಟೋಕ್ಲೇವ್ ಎರಡಾಗಿವೆ. ಗಾಳಿಯ ಮಾತು ಬಂದ ಮೇಲೆ ಮಹಡಿಯ ನಕ್ಷೆಯನ್ನು ಮತ್ತೊಮ್ಮೆ ತೆರೆದು ನೋಡಿದಾಗ, ಫ್ಯೂಮ್ ಹುಡ್ಡುಗಳ ಹೊರಕೊಳವೆಯೂ ತಾಜಾ ಗಾಳಿ ಎಳೆಯುವ ಬಾಯಿಯೂ ಅಕ್ಕಪಕ್ಕದಲ್ಲೇ ಇರುವುದು ಕಣ್ಣಿಗೆ ಬಿತ್ತು. ನಕ್ಷೆಯನ್ನು ತಿದ್ದಲು ಹಿಂದಿರುಗಿಸಿದ್ದೇವೆ.