ದೀಕ್ಷಾಸ್ನಾನದ ಸಮಯದಲ್ಲಿ ‘ಬಸವರಾಜ’ ಎಂಬ ಹೆಸರನ್ನು ಬಿಡಲೇಬೇಕೇ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ವಂದನೆಗಳು. ನನ್ನ ಹೆಸರು ಬಸವರಾಜ. ಊರು ಜಗಳೂರು ತಾಲ್ಲೂಕು, ಕೆಲಸ ದಾವಣಗೆರೆಯಲ್ಲಿ. ಕೆಲವು ವರ್ಷಗಳಿಂದ ಇಲ್ಲಿನ ಕ್ರೈಸ್ತ ಸಭೆಯೊಂದರ ಆರಾಧನೆಗೆ ಹೋಗುತ್ತಿದ್ದು, ಬರುವ ಈಸ್ಟರ್ ಹಬ್ಬಕ್ಕೆ ದೀಕ್ಷಾಸ್ನಾನ ಪಡೆಯಲು ನಿಶ್ಚಯಿಸಿದ್ದೇನೆ. ಸಭೆಯ ಹಿರಿಯರೊಬ್ಬರು, ‘ಸೌಲನೇ ಪೌಲನಾಗಲಿಲ್ಲವೇ, ಹೊಸ ಜೀವನಕ್ಕೆ ಹೊಸ ಹೆಸರು ಬೇಕು’ ಎಂದು ಹೇಳಿ, ಸಮುವೇಲ ಅಥವಾ ದಾನಿಯೇಲ ಎಂದು ಇಟ್ಟುಕೊಳ್ಳಲು ಸೂಚಿಸಿದ್ದಾರೆ. ನನ್ನದು ತೀರಿಹೋದ ಅಜ್ಜನ ಹೆಸರು. ಮಾವನ ಹೆಸರಾದ್ದರಿಂದ ಅವ್ವ ನನ್ನನ್ನು ಎಂದೂ ಹೆಸರು ಹಿಡಿದು ಕರೆದವಳಲ್ಲ, ‘ಅಜ್ಜಯ್ಯ’ ಎಂದೇ ಕರೆಯುತ್ತಾಳೆ. ನನ್ನ ನಂಬಿಕೆಯನ್ನು ಹೇಗೋ ಒಪ್ಪಿಕೊಂಡ ಅವಳು, ಹೆಸರು ಬದಲಾಯಿಸುವ ಮಾತು ಕಿವಿಗೆ ಬಿದ್ದ ದಿನ ಊಟ ಬಿಟ್ಟಳು. ಈ ಹೆಸರಿನಲ್ಲಿಯೇ ಕ್ರಿಸ್ತನನ್ನು ಹಿಂಬಾಲಿಸಿದರೆ ತಪ್ಪಾಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ದಾವಣಗೆರೆಯ ಸಭಾಪಾಲಕರೊಬ್ಬರಿಂದ)

ಬಸವರಾಜ ಅವರೇ, ಖಂಡಿತ ತಪ್ಪಾಗುವುದಿಲ್ಲ. ಮೊದಲು ಪೌಲನ ವಿಷಯವನ್ನೇ ನೋಡೋಣ. ದಮಸ್ಕದ ದಾರಿಯಲ್ಲಿ ಅವನಿಗಾದ ಕ್ರಿಸ್ತನ ದರ್ಶನವೂ ಅವನ ದೀಕ್ಷಾಸ್ನಾನವೂ ಬೈಬಲಿನ ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿವೆ. ಅದಾದ ಮೇಲೆಯೂ ಅವನನ್ನು ಸೌಲನೆಂದೇ ಕರೆಯಲಾಗಿದೆ. ಪೌಲನೆಂಬ ಹೆಸರು ಬರುವುದು 13ನೇ ಅಧ್ಯಾಯದಲ್ಲಿ, ಅವನಿಗಿದ್ದ ಇನ್ನೊಂದು ಹೆಸರಾಗಿ. ಅಬ್ರಾಮನನ್ನು ಅಬ್ರಹಾಮನೆಂದು, ಯಾಕೋಬನನ್ನು ಇಸ್ರಾಯೇಲನೆಂದು ಕರೆದವನು ಸ್ವತಃ ದೇವರು, ಅದೂ ಒಂದು ವಾಗ್ದಾನದ ಗುರುತಾಗಿ. ಅದನ್ನು ಎಲ್ಲ ವಿಶ್ವಾಸಿಗಳಿಗೂ ಹಾಕಿದ ಕಟ್ಟಳೆಯೆಂದು ತಿಳಿಯಲು ಆಧಾರವಿಲ್ಲ.

ಇನ್ನು ನಿಮ್ಮ ಹೆಸರಿನಲ್ಲಿ ಬೇರೆ ದೇವರ ಹೆಸರು ಸೇರಿದೆಯೆಂಬ ಆಕ್ಷೇಪವನ್ನೂ ಯಾರಾದರೂ ಎತ್ತಬಹುದು. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಅಲ್ಲಿ ಪೌಲನು ವಂದನೆ ಹೇಳುವವರಲ್ಲಿ ಹೆರ್ಮೆಸ ಎಂಬುವನಿದ್ದಾನೆ. ಅದು ಗ್ರೀಕ್ ದೇವತೆಯೊಬ್ಬನ ಹೆಸರೇ. ಫಿಲಿಪ್ಪಿಯವರು ಪೌಲನ ಸೇವೆಗೆ ಕಳುಹಿಸಿದ ಎಪಫ್ರೊದೀತನ ಹೆಸರಿನಲ್ಲಿ ಗ್ರೀಕರ ಪ್ರೇಮದೇವತೆ ಅಫ್ರೊದೀತೆ ಇದ್ದಾಳೆ. ಪೌಲನು ಅವನನ್ನು ‘ಸಹೋದರ’ ಎಂದು ಕರೆದನೇ ಹೊರತು ಹೆಸರು ಬದಲಾಯಿಸಿಕೊಂಡು ಬಾ ಎನ್ನಲಿಲ್ಲ.

ನಮ್ಮ ನಾಡಿನ ಮಾತನ್ನೇ ಹೇಳುವುದಾದರೆ, ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಶನ್ನಿನ ಪಾದ್ರಿಗಳು. ಚನ್ನಪ್ಪ ಎಂಬ ಹೆಸರು ಅವರ ಬೋಧನೆಗೆ ಅಡ್ಡಿಯಾಗಲಿಲ್ಲ.

ಉತ್ತರ 2 (ಚಿತ್ರದುರ್ಗದಿಂದ)

ಮೇಲಿನ ಮಾತುಗಳನ್ನು ಒಪ್ಪುತ್ತೇನೆ, ಆದರೆ ಹೊಸ ಹೆಸರನ್ನು ಹಗುರವಾಗಿ ಕಾಣಬಾರದೆಂದು ಪ್ರಾರ್ಥಿಸುತ್ತೇನೆ. ನಮ್ಮ ತಾತನನ್ನು ಊರಿನ ಚಿಕ್ಕ ಹುಡುಗರೂ ‘ಏ ಕೆಂಚ’ ಎಂದು ಕರೆಯುತ್ತಿದ್ದರಂತೆ. ದೀಕ್ಷಾಸ್ನಾನದಲ್ಲಿ ಸತ್ಯಪ್ಪ ಎಂಬ ಹೆಸರು ದೊರೆತ ಮೇಲೆ, ಸಭೆಯ ಪುಸ್ತಕದಲ್ಲಿ ಮೊದಲ ಬಾರಿಗೆ ತಮ್ಮ ಹೆಸರು ‘ಅಪ್ಪ’ ಎಂದು ಮುಗಿದದ್ದನ್ನು ಬೆರಳಿಟ್ಟು ತೋರಿಸುತ್ತಿದ್ದರೆಂದು ನಮ್ಮ ತಂದೆ ಹೇಳುತ್ತಿದ್ದರು. 1745ರಲ್ಲಿ ದೀಕ್ಷೆ ಪಡೆದು ದೇವಸಹಾಯಂ ಎಂಬ ಹೆಸರು ಹೊತ್ತವರನ್ನು 2022ರಲ್ಲಿ ಸಂತರೆಂದು ಘೋಷಿಸುವಾಗ, ಜಾತಿಸೂಚಕವಾದ ‘ಪಿಳ್ಳೈ’ ಎಂಬುದನ್ನು ಕೈಬಿಡಲಾಯಿತು. ಅವಮಾನವನ್ನೋ ಜಾತಿಯನ್ನೋ ಹೊತ್ತ ಹೆಸರನ್ನು ಇಳಿಸುವುದು ವಿಶ್ವಾಸದ ಕೆಲಸವೇ. ಆದರೆ ನಿಮ್ಮ ಹೆಸರಿನಲ್ಲಿರುವುದು ಅಜ್ಜನ ಮೇಲಿನ ಗೌರವ. ಆದ್ದರಿಂದ ನಿಮ್ಮ ಸಂಗತಿ ಬೇರೆಯೆಂದೇ ನನ್ನ ಭಾವನೆ.

ಉತ್ತರ 3 (ಹರಿಹರದಿಂದ)

ನಾವು ಕಥೋಲಿಕರು, ಆರೋಗ್ಯಮಾತೆಯ ಊರಿನವರು. ನಮ್ಮಲ್ಲಿ ಆರೋಗ್ಯಪ್ಪ, ಆರೋಗ್ಯಮ್ಮ ಎಂಬ ಹೆಸರುಗಳು ಮನೆಮನೆಯಲ್ಲಿವೆ. ಸಂತ ಪೇತ್ರರನ್ನು ರಾಯಪ್ಪ, ಪೌಲರನ್ನು ಚಿನ್ನಪ್ಪ, ಸಂತ ಕ್ಸೇವಿಯರರನ್ನು ಚೌರಪ್ಪ ಎಂದು ಹಿಂದಿನವರು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. 1983ರ ಧರ್ಮಸಭೆಯ ಕಾನೂನು ಕೂಡ, ಕ್ರೈಸ್ತ ಭಾವನೆಗೆ ಹೊರತಾದ ಹೆಸರನ್ನು ಇಡದಂತೆ ತಂದೆತಾಯಿ, ಜ್ಞಾನಪೋಷಕರು ಮತ್ತು ಗುರುಗಳು ಎಚ್ಚರ ವಹಿಸಬೇಕೆಂದು ಮಾತ್ರ ಹೇಳುತ್ತದೆ; ಸಂತರ ಹೆಸರೇ ಆಗಬೇಕೆಂದು ಕಡ್ಡಾಯ ಮಾಡುವುದಿಲ್ಲ. ನಮ್ಮಲ್ಲಿ ಅನೇಕರಿಗೆ ಜ್ಞಾನಸ್ನಾನದ (ನೀವು ದೀಕ್ಷಾಸ್ನಾನ ಎನ್ನುವುದರ) ಹೆಸರು ಒಂದು, ಕರೆಯುವ ಹೆಸರು ಇನ್ನೊಂದು. ಸಭೆಯ ಪುಸ್ತಕದಲ್ಲಿ ‘ದಾನಿಯೇಲ ಬಸವರಾಜ’ ಎಂದು ಬರೆಸುವ ದಾರಿಯೂ ನಿಮಗಿದೆ. ಅದರಿಂದ ಅಂಕಪಟ್ಟಿ, ಆಧಾರ್ ಯಾವುದೂ ಬದಲಾಗುವುದಿಲ್ಲ. ಅದಕ್ಕೆ ಪ್ರಮಾಣಪತ್ರ, ಗೆಜೆಟ್ ಪ್ರಕಟಣೆಗಳ ಕ್ರಮ ಬೇರೆಯೇ ಇದೆ.

ಈಸ್ಟರ್‌ಗೆ ಮೊದಲು ನಿಮ್ಮ ಸಭಾಪಾಲಕರನ್ನು ಒಮ್ಮೆ ಊರಿಗೆ ಕರೆದೊಯ್ದು, ಈ ಮಾತನ್ನು ಅವ್ವನಿಗೆ ಅವರ ಬಾಯಿಂದಲೇ ಹೇಳಿಸಿ.