ಆಸರೆಯೇ ಇಲ್ಲದೆ ಬೀಳುವ ಬೆಕ್ಕು ಗಾಳಿಯಲ್ಲಿ ತಿರುಗುವುದು ಹೇಗೆ?

ಪ್ರಶ್ನೆ: ಬದಿಯಡ್ಕದ ಕೃಷಿಕ

ನಮ್ಮದು ಹಳೆಯ ಹೆಂಚಿನ ಮನೆ. ಅಟ್ಟದಲ್ಲಿ ಅಡಕೆಯ ಗೋಣಿಗಳಿರುವುದರಿಂದ ಇಲಿಗಳೂ ಅವುಗಳ ಬೆನ್ನು ಹತ್ತುವ ಪುಚ್ಚೆಯೂ (ಈ ಕಡೆ ಬೆಕ್ಕಿಗೆ ನಾವು ಹಾಗೆಯೇ ಹೇಳುವುದು) ಅಲ್ಲಿ ಸದಾ ಓಡಾಡುತ್ತಿರುತ್ತವೆ. ಕಳೆದ ವಾರ ಪಕ್ಕಾಸಿನ ಮೇಲೆ ಇಲಿಯನ್ನು ಅಟ್ಟಿಸಿಕೊಂಡು ಹೋದ ಪುಚ್ಚೆ ಕಾಲು ಜಾರಿ, ಒಂದು ಕ್ಷಣ ಮುಂಗಾಲುಗಳಲ್ಲಿ ಜೋತಾಡಿ, ಬೆನ್ನು ಕೆಳಗಾಗಿ ಎಂಟಡಿ ಎತ್ತರದಿಂದ ಚಾವಡಿಗೆ ಬಿತ್ತು. ನೆಲ ಮುಟ್ಟಿದ್ದು ಮಾತ್ರ ನಾಲ್ಕು ಕಾಲುಗಳಲ್ಲಿ. ಕಾವಿ ನೆಲದ ಮೇಲೆ ಮೆತ್ತಗೆ ಒಂದು ಸದ್ದಾಯಿತು, ಅಷ್ಟೇ.

ಪ್ಲಸ್ ವನ್ ಓದುತ್ತಿರುವ ಮಗಳು ಅಲ್ಲೇ ಇದ್ದಳು. ಹೊರಗಿನಿಂದ ಟಾರ್ಕ್ (ತಿರುಗಿಸುವ ಬಲ) ಒದಗದಿದ್ದರೆ ವಸ್ತುವಿನ ಕೋನೀಯ ಸಂವೇಗ (ತಿರುಗುವ ಜಡತ್ವವನ್ನು ತಿರುಗುವ ವೇಗದಿಂದ ಗುಣಿಸಿದ ಅಳತೆ) ಬದಲಾಗುವುದಿಲ್ಲವೆಂದು ಅವಳ ಪಾಠದಲ್ಲಿದೆಯಂತೆ. ಹಾಗಿದ್ದರೆ ತಿರುಗದೆ ಬೀಳತೊಡಗಿದ ಪುಚ್ಚೆ ನಡುವೆ ತಿರುಗಿದ್ದು ಹೇಗೆಂದು ಕೇಳಿದಳು. ಪಕ್ಕಾಸನ್ನು ಒದ್ದು ತಿರುಗಿರಬೇಕು, ಇಲ್ಲವೇ ಬಾಲ ಬೀಸಿರಬೇಕು ಎಂದೆ. ಉತ್ತರ ಅವಳಿಗೂ ಹಿಡಿಸಲಿಲ್ಲ, ನನಗೂ ಹಿಡಿಸಲಿಲ್ಲ. ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ: ಮಂಜೇಶ್ವರದ ಭೌತಶಾಸ್ತ್ರ ಅಧ್ಯಾಪಕ

ಒದ್ದು ತಿರುಗುತ್ತದೆಂಬ ನಿಮ್ಮ ಊಹೆಯನ್ನೇ ಹತ್ತೊಂಬತ್ತನೆಯ ಶತಮಾನದ ಪಂಡಿತರೂ ಮಾಡಿದ್ದರು. ಬೆಕ್ಕು ತನ್ನನ್ನು ಹಿಡಿದವರ ಕೈಯನ್ನೇ ಒತ್ತಿ ತಿರುಗುತ್ತದೆಂದು ಅವರಲ್ಲಿ ಹಲವರು ನಂಬಿದ್ದರು. ಫ್ರಾನ್ಸಿನ ಎಟಿಯೆನ್ ಜೂಲ್ ಮರೇ 1894ರಲ್ಲಿ ಕಾಲುಗಳನ್ನು ಹಿಡಿದು ತಲೆಕೆಳಗಾಗಿಸಿದ ಬೆಕ್ಕನ್ನು ಕೈಬಿಟ್ಟು, ಬೀಳುವ ಒಂದೊಂದು ಹಂತವನ್ನೂ ಸಾಲು ಚಿತ್ರಗಳಲ್ಲಿ ಸೆರೆಹಿಡಿದರು. ಮೊದಲ ಕೆಲವು ಚಿತ್ರಗಳಲ್ಲಿ ಬೆಕ್ಕು ಸ್ವಲ್ಪವೂ ತಿರುಗುತ್ತಿಲ್ಲ. ಕೈಯನ್ನು ಒತ್ತಿದ್ದರೆ ಬಿಟ್ಟ ಕ್ಷಣದಿಂದಲೇ ತಿರುಗತೊಡಗಬೇಕಿತ್ತು. ಬಾಲದ ವಾದವೂ ನಿಲ್ಲುವುದಿಲ್ಲ, ಏಕೆಂದರೆ ಬಾಲವಿಲ್ಲದ ಮ್ಯಾಂಕ್ಸ್ ಬೆಕ್ಕುಗಳೂ ಕಾಲಿನ ಮೇಲೆಯೇ ಇಳಿಯುತ್ತವೆ.

ನಿಯಮ ಮುರಿಯುವುದಿಲ್ಲ, ನಿಯಮವನ್ನು ನಾವು ಓದುವ ರೀತಿಯಲ್ಲಿ ತಪ್ಪಿದೆ. ಒಟ್ಟು ಕೋನೀಯ ಸಂವೇಗ ಸೊನ್ನೆಯಾಗಿದ್ದರೆ ತಿರುಗಲಾಗದು ಎಂಬ ಮಾತು ಕಲ್ಲಿನಂತಹ ಗಟ್ಟಿ ವಸ್ತುವಿಗೆ ಮಾತ್ರ ಸಲ್ಲುತ್ತದೆ. ಬೆಕ್ಕಿನ ಸೊಂಟದ ಮುಂದಿನ ಭಾಗ ಒಂದು ಕಡೆಗೆ, ಹಿಂದಿನ ಭಾಗ ಇನ್ನೊಂದು ಕಡೆಗೆ ತಿರುಗಬಲ್ಲದು. ಅದು ಮೊದಲು ಮುಂಗಾಲುಗಳನ್ನು ಎದೆಗೆ ಮಡಚಿ ಹಿಂಗಾಲುಗಳನ್ನು ಚಾಚುತ್ತದೆ. ಮಡಚಿದ ಭಾಗಕ್ಕೆ ತಿರುಗಲು ಜಡತ್ವ ಕಡಿಮೆ, ಚಾಚಿದ ಭಾಗಕ್ಕೆ ಹೆಚ್ಚು. ಆದ್ದರಿಂದ ಮುಂಭಾಗ ಬಹಳಷ್ಟು ತಿರುಗಿದರೂ ಹಿಂಭಾಗ ಎದುರು ದಿಕ್ಕಿಗೆ ಸ್ವಲ್ಪವೇ ಸರಿಯುತ್ತದೆ. ಮರುಕ್ಷಣ ಮುಂಗಾಲು ಚಾಚಿ, ಹಿಂಗಾಲು ಮಡಚಿ, ಹಿಂಭಾಗವನ್ನೂ ಅದೇ ಕಡೆಗೆ ತಂದುಕೊಳ್ಳುತ್ತದೆ. ಎಲ್ಲ ಹೊತ್ತಿನಲ್ಲೂ ಎರಡರ ಮೊತ್ತ ಸೊನ್ನೆಯೇ.

ಮಗಳಿಗೆ ಇದನ್ನು ಮನೆಯಲ್ಲೇ ತೋರಿಸಬಹುದು. ಸಲೀಸಾಗಿ ತಿರುಗುವ ಕುರ್ಚಿಯಲ್ಲಿ ಕಾಲು ಮೇಲೆತ್ತಿ ಕುಳಿತು, ಎರಡೂ ಕೈಗಳಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ಹಿಡಿದು ಮುಂದಕ್ಕೆ ಚಾಚಲಿ. ಹಾಗೆಯೇ ಎಡಕ್ಕೆ ಬೀಸಿದರೆ ಕುರ್ಚಿ ಬಲಕ್ಕೆ ತಿರುಗುತ್ತದೆ. ಅನಂತರ ಬಾಟಲಿಗಳನ್ನು ಎದೆಗೆ ಒತ್ತಿಕೊಂಡು ಮೈಯನ್ನು ನೇರ ಮಾಡಿದರೆ ಕುರ್ಚಿ ಹಿಂದಿರುಗುವುದು ಸ್ವಲ್ಪ ಮಾತ್ರ, ವ್ಯತ್ಯಾಸವೇ ಲಾಭ. ಕುರ್ಚಿಯ ಘರ್ಷಣೆ ಫಲಿತಾಂಶವನ್ನು ಒಂದಿಷ್ಟು ಕೆಡಿಸುತ್ತದೆ ಎಂಬುದನ್ನೂ ಅವಳಿಗೆ ಹೇಳಿ.

ಉತ್ತರ: ಮುಳ್ಳೇರಿಯದ ಓದುಗ

ಅಧ್ಯಾಪಕರ ವಿವರಣೆಯಲ್ಲಿ ತಪ್ಪಿಲ್ಲ, ಆದರೆ ಬೆಕ್ಕಿನ ಮುಖ್ಯ ಉಪಾಯ ಕಾಲು ಮಡಚುವುದೆಂದು ನನಗೆ ಅನ್ನಿಸುವುದಿಲ್ಲ. ನೆದರ್‌ಲ್ಯಾಂಡ್ಸಿನ ರಾಡೆಮೇಕರ್ ಮತ್ತು ಟೆರ್ ಬ್ರಾಕ್ 1935ರಲ್ಲೇ ನಡುವನ್ನು ಬಾಗಿಸಿ ತಿರುಗುವ ಮಾದರಿಯನ್ನು ಮುಂದಿಟ್ಟರು. 1969ರಲ್ಲಿ ಕೇನ್ ಮತ್ತು ಶೆರ್ ಇದೇ ಜಾಡಿನಲ್ಲಿ ಗಣಿತ ಮಾಡಿ, ಎರಡು ಉರುಳೆಗಳಂತಹ ಮೈಯ ಅರ್ಧಗಳನ್ನು ಜೋಡಿಸಿದ ಮಾದರಿ ನಿಜವಾದ ಬೆಕ್ಕಿನ ಚಿತ್ರಗಳಿಗೆ ಚೆನ್ನಾಗಿ ಹೊಂದುತ್ತದೆಂದು ತೋರಿಸಿದರು. ಇದರಲ್ಲಿ ಬೆನ್ನೆಲುಬು ತಿರುಚಿಕೊಳ್ಳಬೇಕಾದ ಅಗತ್ಯವೇ ಇಲ್ಲ.

ತೋಟಕ್ಕೆ ನೀರು ಬಿಡುವ ಪೈಪಿನ ಎರಡಡಿ ತುಂಡನ್ನು ಕಮಾನಿನಂತೆ ಬಾಗಿಸಿ, ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು, ಎರಡನ್ನೂ ಒಟ್ಟಿಗೆ ಒಳಮುಖವಾಗಿ ಹೊರಳಿಸಿ ನೋಡಿ. ಕಮಾನು ಇದ್ದಲ್ಲೇ ಇರುತ್ತದೆ, ಆದರೆ ಪೈಪಿನ ಒಳಮಗ್ಗುಲಿಗೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ಹೊರಮಗ್ಗುಲಿಗೆ ಬಂದಿರುತ್ತದೆ. ಆ ಗೆರೆಯನ್ನೇ ಬೆಕ್ಕಿನ ಹೊಟ್ಟೆ ಎಂದುಕೊಳ್ಳಿ. ಕೈಗಳ ಆಸರೆಯಿಲ್ಲದ ಗಾಳಿಯಲ್ಲಿ, ಎರಡು ಅರ್ಧಗಳು ಹೊರಳುವುದಕ್ಕೆ ಪ್ರತಿಯಾಗಿ ಇಡೀ ಕಮಾನು ಎದುರು ದಿಕ್ಕಿಗೆ ನಿಧಾನವಾಗಿ ತಿರುಗಿ ಲೆಕ್ಕ ಸರಿದೂಗಿಸುತ್ತದೆ. ನಿಜವಾದ ಬೆಕ್ಕು ಎರಡೂ ಉಪಾಯಗಳನ್ನು ಬೆರೆಸುತ್ತದೆ.

ಎಂಟಡಿ ಎಂದರೆ ಸುಮಾರು 2.4 ಮೀಟರ್. ನಿಮ್ಮ ಪುಚ್ಚೆಗೆ ಸಿಕ್ಕಿದ ಸಮಯ 0.7 ಸೆಕೆಂಡು, ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್. ಮ್ಯಾಕ್ಸ್‌ವೆಲ್ 1870ರಲ್ಲಿ ಹೆಂಡತಿಗೆ ಬರೆದ ಪತ್ರದಲ್ಲಿ, ಕೇವಲ ಎರಡು ಅಂಗುಲ ಎತ್ತರದಿಂದ ಮೇಜಿನ ಮೇಲೆ ಬಿಟ್ಟರೂ ಬೆಕ್ಕು ಕಾಲಿನ ಮೇಲೆ ಇಳಿಯುತ್ತದೆ ಎಂದಿದ್ದಾನೆ. ವಿದ್ಯುತ್ಕಾಂತತೆಯ ಸಮೀಕರಣಗಳನ್ನು ಕೊಟ್ಟವನಿಗೆ ಇದಕ್ಕೂ ಬಿಡುವಿತ್ತು!

ಉತ್ತರ: ಕುಂಬಳೆಯ ಪಶುವೈದ್ಯೆ

ತಿರುಗುವುದು ಹೇಗೆಂದು ಇಬ್ಬರೂ ಹೇಳಿದ್ದೀರಿ. ಎತ್ತ ತಿರುಗಬೇಕೆಂದು ಬೆಕ್ಕಿಗೆ ತಿಳಿಯುವುದು ಹೇಗೆಂಬುದು ಉಳಿದಿದೆ. ಒಳಕಿವಿಯ ಅರ್ಧವೃತ್ತಾಕಾರದ ನಾಳಗಳು ತಲೆ ತಿರುಗುವುದನ್ನು ಗುರುತಿಸುತ್ತವೆ, ಅಲ್ಲೇ ಇರುವ ಸಣ್ಣ ಹರಳುಗಳು ಮೇಲು ಕೆಳಗನ್ನು ಸೂಚಿಸುತ್ತವೆ. ಮೊದಲು ತಲೆ ನೇರವಾಗುತ್ತದೆ, ಮೈ ಅದನ್ನು ಅನುಸರಿಸುತ್ತದೆ. ಕಣ್ಣು ಕಟ್ಟಿದರೂ ಬೆಕ್ಕು ತಿರುಗಬಲ್ಲದು, ಒಳಕಿವಿ ಕೆಟ್ಟರೆ ಕಣ್ಣಿನ ನೆರವಿನಿಂದ ನಿಭಾಯಿಸಬಲ್ಲದು. ಎರಡೂ ಇಲ್ಲದಿದ್ದರೆ ಆಗುವುದಿಲ್ಲ. ಈ ಶಕ್ತಿ ಹುಟ್ಟಿದೊಡನೆ ಬರುವುದಲ್ಲ. ಮೂರು ನಾಲ್ಕು ವಾರಗಳಲ್ಲಿ ತೋರಲಾರಂಭಿಸಿ ಏಳನೆಯ ವಾರದ ಹೊತ್ತಿಗೆ ಪಕ್ವವಾಗುತ್ತದೆ. ಆದ್ದರಿಂದ ಮರಿಗಳನ್ನು ಅಟ್ಟಕ್ಕೆ ಬಿಡಬೇಡಿ. ಕುತೂಹಲಕ್ಕೆಂದು ಯಾವ ಬೆಕ್ಕನ್ನೂ ಬೀಳಿಸಿ ನೋಡಬೇಡಿ.

ಹೆಚ್ಚು ಮಹಡಿಗಳ ಮೇಲಿನಿಂದ ಬಿದ್ದಷ್ಟೂ ಬೆಕ್ಕಿಗೆ ಒಳ್ಳೆಯದೆಂಬ ಮಾತು ಆಗಾಗ ಮೊಬೈಲಿನಲ್ಲಿ ಹರಿದಾಡುತ್ತದೆ. ಅದರ ಮೂಲ 1987ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನ. ಕಟ್ಟಡಗಳಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳಲ್ಲಿ, ಚಿಕಿತ್ಸೆ ಪಡೆದವುಗಳ ಪೈಕಿ ಶೇಕಡಾ 90ರಷ್ಟು ಬದುಕಿದವು. ಸುಮಾರು ಏಳು ಮಹಡಿಗಳಿಗಿಂತ ಮೇಲಿನಿಂದ ಬಿದ್ದವುಗಳಲ್ಲಿ ಗಾಯ ಹೆಚ್ಚುತ್ತಾ ಹೋಗಲಿಲ್ಲವೆಂದು ಅದರಲ್ಲಿದೆ. ಆದರೆ ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಹೊತ್ತು ತರುವುದಿಲ್ಲ. ಈ ಒಂದು ಕಾರಣಕ್ಕೆ ಆ ಅಂಕಿಯನ್ನು ನಾನು ಅಳೆದು ತೂಗಿಯೇ ಒಪ್ಪುತ್ತೇನೆ. ಕಾಲಿನ ಮೇಲೆ ಇಳಿದ ಬೆಕ್ಕಿಗೂ ಮುಂಗಾಲು ಕುಸಿದು ಗಲ್ಲ ನೆಲಕ್ಕೆ ಬಡಿದು ದವಡೆಯೋ ಅಂಗುಳವೋ ಬಿರಿದಿರಬಹುದು, ಎದೆಯೊಳಗೆ ಪೆಟ್ಟಾಗಿರಬಹುದು. ಊಟ ಬಿಟ್ಟಿದೆಯೇ, ಜೊಲ್ಲು ಸುರಿಸುತ್ತಿದೆಯೇ, ಏದುಸಿರು ಬಿಡುತ್ತಿದೆಯೇ ನೋಡಿಕೊಳ್ಳಿ.

ಬದಿಯಡ್ಕದ ಕೃಷಿಕ

ಮೂವರಿಗೂ ಕೃತಜ್ಞತೆಗಳು. ಕುರ್ಚಿಯ ಪ್ರಯೋಗ ಮೊದಲ ಸಲ ಕೈಕೊಟ್ಟಿತು, ಏಕೆಂದರೆ ಬಾಟಲಿಗಳು ಖಾಲಿಯಾಗಿದ್ದವು. ನೀರು ತುಂಬಿಸಿದ ಮೇಲೆ ಏಳು ಬಾರಿ ಬೀಸಿದಾಗ ಮಗಳ ಮುಖ ಬಾಗಿಲಿನಿಂದ ಗೋಡೆಯ ಕಡೆಗೆ ತಿರುಗಿತು. ಪುಚ್ಚೆ ಅದನ್ನು ಒಂದೇ ಬೀಸಿಗೆ ಮುಗಿಸುತ್ತದಲ್ಲ ಎಂದಳು. ಪೈಪಿನ ತುಂಡು ಕೈಗಿತ್ತ ಮೇಲೆ ಆ ಮಾತಿಗೂ ಅವಳೇ ಉತ್ತರ ಕಂಡುಕೊಂಡಳು. ವೈದ್ಯರು ಹೇಳಿದಂತೆ ಬಾಯಿ ತೆರೆಸಿ ನೋಡಿದೆವು. ದವಡೆ ನೆಟ್ಟಗಿದೆ, ನನ್ನ ಹೆಬ್ಬೆರಳಿಗೆ ಮಾತ್ರ ಎರಡು ಹಲ್ಲಿನ ಗುರುತು ಬಿದ್ದಿದೆ.