ಮನೆಯಲ್ಲಿ ಕಟ್ಟಿದ ವಿಮಾನದ ಮಾಲೀಕರ ಕೂಟ: ಎಲ್ಲಿಂದ ಶುರು ಮಾಡಲಿ?

ಎರಡನೇ ಮಾಲೀಕ ಕೇಳಿದ್ದು:

ನನ್ನದು ಎರಡು ಸೀಟಿನ, ಅಲ್ಯೂಮಿನಿಯಂ ತಗಡಿನ ವಿಮಾನ. ಕಟ್ಟಿದ್ದು ನಾನಲ್ಲ. ಮೊದಲ ಮಾಲೀಕರು ತಮ್ಮ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ರಿವೆಟ್ ಹೊಡೆದು ಕಟ್ಟಿದ್ದು. ಅವರ ಕೈಕೆಲಸ ಕಣ್ಣಿಗೆ ಒತ್ತಿಕೊಳ್ಳುವ ಹಾಗಿದೆ. ಆದರೂ ಹೋದ ತಿಂಗಳು ಅದರಲ್ಲಿ ಕೂತು ನನ್ನ ಜೀವ ಬಾಯಿಗೆ ಬಂದಿತ್ತು.

ಟೇಕಾಫ್ ಆಗಿ ಸುಮಾರು 600 ಅಡಿ ಏರಿದ್ದೆ. ಎಂಜಿನ್ ಎರಡು ಸಲ ಮುಗ್ಗರಿಸಿತು. ಮೂಗು ಇಳಿಸಿ, ಇನ್ನೊಂದು ಟ್ಯಾಂಕಿಗೆ ತಿರುಗಿಸಿದೆ. ಸರಿಹೋಯಿತು. ಸುತ್ತು ಹಾಕಿ ಇಳಿದೆ. ಇಂಧನದ ಫಿಲ್ಟರ್ ಬಿಚ್ಚಿದರೆ ಒಳಗೆ ಹಾವಿನ ಪೊರೆಯಂಥ ತೆಳ್ಳನೆ ಚೂರುಗಳು! ಟ್ಯಾಂಕಿನ ಸಂದುಗಳು ಸೋರದಿರಲಿ ಅಂತ ಕಟ್ಟುವಾಗ ಒಳಗೆ ಒಂದು ದ್ರವ ಸುರಿದು, ಅಲ್ಲಾಡಿಸಿ, ಒಣಗಿಸಿದ್ದರಂತೆ. ವರ್ಷಗಳ ಮೇಲೆ ಅದು ಸುಲಿದು ಬರುತ್ತಿದೆ.

ಇದೇ ಕಿಟ್‌ನಿಂದ, ಅಂದರೆ ಕಂಪನಿ ಮಾರುವ ಇದೇ ಬಿಡಿಭಾಗಗಳಿಂದ ಕಟ್ಟಿದ ವಿಮಾನ ಇರುವ ಇನ್ನೊಬ್ಬರಿಗೆ ಫೋನ್ ಮಾಡಿದೆ. ಅವರು ತಣ್ಣಗೆ, "ಓ ಅದಾ? ನನಗೆ ಮೂರು ವರ್ಷದ ಹಿಂದೆಯೇ ಆಗಿತ್ತು. ಟ್ಯಾಂಕ್ ತೆಗೆದು ಕೆರೆದು ಹಾಕಿದೆ" ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎಂಜಿನ್ ಮುಗ್ಗರಿಸಿದ್ದಕ್ಕಿಂತ ಈ "ಓ ಅದಾ" ಜಾಸ್ತಿ ಕಾಡಿತು. ಅವರ ಮೇಲೆ ಸಿಟ್ಟಿಲ್ಲ. ಹೇಳೋಣ ಅಂದರೂ ಯಾರಿಗೆ ಹೇಳಬೇಕಿತ್ತು ಅವರು?

ಕಾರ್ಖಾನೆಯ ವಿಮಾನವಾದರೆ ದೋಷ ಕಂಡಾಗ ಎಲ್ಲ ಮಾಲೀಕರಿಗೂ ಕಾಗದ ಬರುತ್ತದೆ. ನಮ್ಮ ವಿಮಾನಕ್ಕೆ ದಾಖಲೆಯ ಪ್ರಕಾರ ಕಟ್ಟಿದವರೇ ತಯಾರಕರು. ನನ್ನ ತಯಾರಕರಿಗೆ ಈಗ ವಯಸ್ಸಾಗಿದೆ, ಹಾರಾಟ ಬಿಟ್ಟಿದ್ದಾರೆ. ಕಿಟ್ ಮಾರಿದ ಕಂಪನಿ ಬಾಗಿಲು ಹಾಕಿದೆ.

ಅದಕ್ಕೇ ಒಂದು ಕೂಟ ಕಟ್ಟೋಣ ಅಂತ ತಲೆಯಲ್ಲಿ ಬಂದಿದೆ. ಇದೇ ಮಾದರಿಯ ಮೂವತ್ತೆಂಟು ವಿಮಾನಗಳ ಗುರುತು ಸಿಕ್ಕಿದೆ. ಆದರೆ ಜನ ತಮ್ಮ ತಪ್ಪು ಬಾಯಿಬಿಟ್ಟು ಹೇಳುತ್ತಾರಾ? ನಾವು ಹೇಳಿದ್ದನ್ನು ನಂಬಿ ಯಾರಿಗಾದರೂ ಏನಾದರೂ ಆದರೆ ಹೊಣೆ ಯಾರದು? ಇದನ್ನು ಮೊದಲು ಮಾಡಿ ಕೈ ಸುಟ್ಟುಕೊಂಡವರು ಇದ್ದರೆ ದಯವಿಟ್ಟು ಹೇಳಿ.

ಹಳೇ ರಿವೆಟ್:

ಕೈ ಸುಟ್ಟುಕೊಂಡವನು ನಾನಿದ್ದೇನೆ. ನಾವು ಎಲ್ಲ ಮಾದರಿಯವರನ್ನೂ ಸೇರಿಸಿದೆವು. ಅದೇ ತಪ್ಪಾಯಿತು. ಆರು ತಿಂಗಳಲ್ಲಿ ಬಣ್ಣ, ಟೈರು, ಹೆಡ್‌ಸೆಟ್ ಬಿಟ್ಟು ಬೇರೆ ಮಾತೇ ಇಲ್ಲ. ನಿಮ್ಮ ಮೂವತ್ತೆಂಟು ಸಾಕು. ದಾಟಬೇಡಿ.

ಮೊದಲ ಕೆಲಸ ಪಟ್ಟಿ. ಪ್ರತಿ ವಿಮಾನಕ್ಕೆ ಒಂದು ಸಾಲು. ಯಾವ ಎಂಜಿನ್, ಯಾವ ಪ್ರೊಪೆಲ್ಲರ್, ಎಷ್ಟು ಗಂಟೆ ಹಾರಿದೆ, ಮುಖ್ಯವಾಗಿ ನಕ್ಷೆ ಬಿಟ್ಟು ಕಟ್ಟಿದವರು ಏನೇನು ಬದಲಿಸಿದ್ದಾರೆ. ಈ ಕೊನೆಯದು ತುಂಬಿಸಲು ಒಬ್ಬೊಬ್ಬರ ಹಿಂದೆ ನಾಲ್ಕು ಸಲ ಬೀಳಬೇಕಾಗುತ್ತದೆ. ಬೀಳಿ.

ಗಾಯಕ ಜಾನ್ ಡೆನ್ವರ್ ಸತ್ತಿದ್ದು ನೆನಪಿದೆಯಾ? 1997ರ ಅಕ್ಟೋಬರ್ 12. ವಿಮಾನ ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝೀ. ಇನ್ನೊಬ್ಬರು ಕಟ್ಟಿದ್ದು, ಡೆನ್ವರ್ ಕೈಗೆ ಬಂದು ಒಂದು ದಿನವಾಗಿತ್ತು. ನಕ್ಷೆಯಲ್ಲಿ ಇಂಧನ ಬದಲಿಸುವ ಹಿಡಿ ಪೈಲಟ್ ಕಾಲುಗಳ ನಡುವೆ ಇತ್ತು. ಕಟ್ಟಿದವರು ಅದನ್ನು ಎಡ ಭುಜದ ಹಿಂದಕ್ಕೆ ಇಟ್ಟಿದ್ದರು. ಅದಕ್ಕೆ ಗುರುತೂ ಇರಲಿಲ್ಲ. ಟ್ಯಾಂಕಿನಲ್ಲಿ ಇಂಧನ ಕಡಿಮೆ. ಹಿಡಿಗೆ ಕೈ ಹಾಕಲು ಮೈ ತಿರುಗಿಸಿದಾಗ ಬಲ ರಡ್ಡರ್ (ಮೂಗನ್ನು ಪಕ್ಕಕ್ಕೆ ತಿರುಗಿಸುವ ಕಾಲಿನ ಪೆಡಲ್) ಒತ್ತಿಹೋಗಿ ವಿಮಾನ ಕೈತಪ್ಪಿತು ಅಂತ ಅಮೆರಿಕದಲ್ಲಿ ವಿಮಾನ ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿ ಹೇಳಿತು. ಹೊಸ ವಿಮಾನಕ್ಕೆ ಬೇಕಾದ ತರಬೇತಿ ಸಾಲದಾಗಿತ್ತು ಅಂತಲೂ ಸೇರಿಸಿತು. ಅವರು ಸಾವಿರಾರು ಗಂಟೆ ಹಾರಿದ್ದ ಪೈಲಟ್, ಹೊಸಬರೇನಲ್ಲ.

ನಿಮ್ಮ ಹೆಸರೇ ಎರಡನೇ ಮಾಲೀಕ. ಅಪಾಯ ಅಲ್ಲೇ ಜಾಸ್ತಿ. ಎನ್‌ಟಿಎಸ್‌ಬಿ 2012ರಲ್ಲಿ ಇಂಥ ವಿಮಾನಗಳ ಅಧ್ಯಯನ ಮಾಡಿತು. 2011ರಲ್ಲಿ ಅಪಘಾತಕ್ಕೀಡಾದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಕಟ್ಟಿದವರಿಂದ ಬೇರೆಯವರು ಕೊಂಡವು. ಕಟ್ಟಿದವನಿಗೆ ಯಾವ ತಂತಿ ಎಲ್ಲಿ ಹೋಗುತ್ತದೆ ಅಂತ ಕನಸಲ್ಲೂ ಗೊತ್ತು. ಕೊಂಡವನಿಗೆ ಗೊತ್ತಿರುವುದು ಬಣ್ಣ ಮಾತ್ರ.

ಜಾಮ್ ನಟ್:

ಸುಮ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ನನ್ನ ವಿಮಾನದ ದೋಷ ಬರೆದು ಹಾಕಿದೆ ಅಂದುಕೊಳ್ಳಿ. ನಾಳೆ ಇನ್ಶೂರೆನ್ಸ್‌ನವರು ಅದನ್ನೇ ಹಿಡಿದುಕೊಂಡರೆ? ಮಾರಲು ಹೊರಟಾಗ ಕೊಳ್ಳುವವನು ಅದನ್ನೇ ತೋರಿಸಿದರೆ? ಎಲ್ಲರೂ ಕೂಟ ಬೇಕು ಅನ್ನುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನಂತೂ ಮೊದಲು ಕಟ್ಟುವುದಿಲ್ಲ. ನಟ್ಟು ಬೋಲ್ಟಿನ ವಿಷಯ ನೋಡಿಕೊಳ್ಳಲು ವರ್ಷಕ್ಕೊಮ್ಮೆ ತಪಾಸಣೆ ಇದ್ದೇ ಇದೆ ಅಲ್ವಾ?

ಬಲಗಡೆ ಸೀಟು:

ನಾನು ಹಾರಾಟ ಕಲಿಸುವವನು. ನಟ್ಟು ಬೋಲ್ಟ್ ಆಮೇಲೆ. ಅದೇ ಅಧ್ಯಯನ ನೋಡಿದರೆ ಸಾಲಿನ ಮುಂದೆ ಇರುವುದು ಎರಡು: ಗಾಳಿಯಲ್ಲಿ ವಿಮಾನದ ಮೇಲೆ ಹಿಡಿತ ತಪ್ಪುವುದು, ಎಂಜಿನ್ ಕೈಕೊಡುವುದು. ಕೂಟಗಳು ಎರಡನೆಯದನ್ನು ಸಂತೋಷವಾಗಿ ಚರ್ಚಿಸುತ್ತವೆ. ಮೊದಲನೆಯದನ್ನು ಎತ್ತಿದರೆ ಎಲ್ಲರೂ ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಂಡವರ ಹಾಗೆ ಆಡುತ್ತಾರೆ.

ಇಳಿಯಲು ಬರುವಾಗ ಕೊನೆಯ ತಿರುವು ತಪ್ಪಿ ರನ್‌ವೇ ದಾಟಿ ಹೋಗುತ್ತಿದೆ ಅನ್ನಿಸಿದರೆ ಕೈ ತಾನಾಗಿ ಇನ್ನಷ್ಟು ವಾಲಿಸಿ ಎಳೆಯುತ್ತದೆ. ಎತ್ತರ ಕಾಯ್ದುಕೊಂಡು 60 ಡಿಗ್ರಿ ವಾಲಿದರೆ ಭಾರ ಎರಡು ಪಟ್ಟು, ಸ್ಟಾಲ್ ಆಗುವ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದೆ ಹೋಗುವ, ವೇಗ ಸುಮಾರು 41% ಏರುತ್ತದೆ. 50 ನಾಟ್‌ನಲ್ಲಿ ಸ್ಟಾಲ್ ಆಗುವುದು 70ಕ್ಕೇ ಆಗುತ್ತದೆ. ಅಲ್ಲಿ ಸರಿಮಾಡಿಕೊಳ್ಳಲು ಎತ್ತರವೇ ಇರುವುದಿಲ್ಲ. ಇನ್ನೊಂದು ವಿಷಯ, ಒಂದೇ ಕಿಟ್‌ನ ಎರಡು ವಿಮಾನ ಒಂದೇ ಥರ ಸ್ಟಾಲ್ ಆಗುವುದಿಲ್ಲ. ರೆಕ್ಕೆ ಕೂರಿಸಿದ್ದರಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ಒಂದು ಮೆಲ್ಲಗೆ ಮೂಗು ತಗ್ಗಿಸುತ್ತದೆ, ಇನ್ನೊಂದು ಫಕ್ಕನೆ ಎಡಕ್ಕೆ ಬೀಳುತ್ತದೆ. ಗೆಳೆಯನ ವಿಮಾನದಲ್ಲಿ ಕಲಿತದ್ದು ನಿಮ್ಮದಕ್ಕೆ ಪೂರ್ತಿ ಒಗ್ಗುವುದಿಲ್ಲ.

ಲ್ಯಾಂಕೇರ್ ಅನ್ನುವ ಕಿಟ್ ವಿಮಾನಗಳ ಮಾಲೀಕರು 2008ರಲ್ಲಿ ಕೂಟ ಕಟ್ಟಿದಾಗ ತರಬೇತಿಗೆ ಒತ್ತು ಕೊಟ್ಟರು. ನೀವೂ ಹಾಗೆ ಮಾಡಿ. ಮೂವತ್ತೆಂಟರಲ್ಲಿ ಈ ಮಾದರಿ ಚೆನ್ನಾಗಿ ಹಾರಿಸುವ ಇಬ್ಬರು ಬೋಧಕರು ಸಿಕ್ಕರೂ ಸಾಕು. ಹೊಸದಾಗಿ ಕೊಂಡವರು ಮೊದಲ ಸಲ ಒಬ್ಬರೇ ಹೊರಡದ ಹಾಗೆ ನೋಡಿಕೊಳ್ಳಿ.

ಜಾಮ್ ನಟ್ ಅವರೇ, ಹೆಸರಿನ ಭಯಕ್ಕೆ ದಾರಿ ಇದೆ. ಅಮೆರಿಕದಲ್ಲಿ 1976ರಿಂದ ನಾಸಾ ಒಂದು ವ್ಯವಸ್ಥೆ ನಡೆಸುತ್ತಿದೆ. ಪೈಲಟ್ ತನ್ನ ಎಡವಟ್ಟನ್ನು ತಾನೇ ಬರೆದು ಕಳಿಸುತ್ತಾನೆ. ನಾಸಾ ಹೆಸರು ಕಿತ್ತುಹಾಕಿ ವಿಷಯ ಮಾತ್ರ ಇಟ್ಟುಕೊಳ್ಳುತ್ತದೆ. ದಂಡ ಹಾಕುವವರ ಕೈಗೆ ಕೊಡದೆ ಮೂರನೆಯವರ ಕೈಗೆ ಕೊಟ್ಟಿದ್ದಕ್ಕೇ ಜನ ಬರೆಯುತ್ತಾರೆ.

ಎರಡನೇ ಮಾಲೀಕ:

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಯೋಚಿಸಿದೆ. ಹೀಗೆ ಮಾಡುತ್ತೇನೆ.

ಸದ್ಯಕ್ಕೆ ಅಧ್ಯಕ್ಷರು, ಖಜಾಂಚಿ ಯಾರೂ ಬೇಡ. ಒಂದು ಕಡತ. ಬರೆದವರ ಹೆಸರು, ವಿಮಾನದ ನಂಬರ್ ಇರುವುದಿಲ್ಲ. ಎಷ್ಟು ಗಂಟೆ ಹಾರಿದ ಮೇಲೆ, ಯಾವ ಭಾಗ, ಏನು ಕಂಡಿತು, ಅವರು ಏನು ಮಾಡಿದರು, ಅಷ್ಟೇ. "ಹೀಗೆ ಮಾಡಿ" ಅನ್ನುವ ಮಾತು ಎಲ್ಲೂ ಇರಬಾರದು. "ನಾನು ಹೀಗೆ ಮಾಡಿದೆ" ಅಂತಲೇ ಇರಬೇಕು. ಇದರಿಂದ ಹೊಣೆಯ ಪ್ರಶ್ನೆ ಪೂರ್ತಿ ಮುಗಿಯುವುದಿಲ್ಲ ಅಂತ ಗೊತ್ತು. ವಕೀಲರೊಬ್ಬರನ್ನು ಕೇಳುತ್ತೇನೆ.

ಗಂಟೆ ನಾನೇ ಕಟ್ಟುತ್ತೇನೆ. ಮೊದಲ ಸಾಲು ನನ್ನದು: "540 ಗಂಟೆ. ಬಲ ಟ್ಯಾಂಕಿನ ಒಳಲೇಪ ಸುಲಿದು ಫಿಲ್ಟರ್ ಕಟ್ಟಿಕೊಂಡಿತು. ಟ್ಯಾಂಕ್ ತೆಗೆದು ಲೇಪ ಪೂರ್ತಿ ಕೆರೆದೆ. ವಿಮಾನದ ಮೂಗನ್ನು ಏರುವಾಗ ಇರುವಷ್ಟು ಎತ್ತಿ ನಿಲ್ಲಿಸಿ ಇಂಧನದ ಹರಿವು ಅಳೆದೆ. ಪಂಪ್ ಇರುವುದರಿಂದ, ಟೇಕಾಫ್‌ನಲ್ಲಿ ಎಂಜಿನ್ ಕುಡಿಯುವುದರ 125% ಬರುತ್ತಿದೆಯಾ ಅಂತ ನೋಡಿಕೊಂಡೆ. ಫಿಲ್ಟರನ್ನು ಅದಕ್ಕೂ ಮುಂಚೆ ಹದಿನಾಲ್ಕು ತಿಂಗಳು ಬಿಚ್ಚಿ ನೋಡಿರಲಿಲ್ಲ." ಕೊನೆಯ ವಾಕ್ಯ ಬರೆಯಲು ಅರ್ಧ ಗಂಟೆ ಹಿಡಿಯಿತು.

ತರಬೇತಿಯ ಬಗ್ಗೆ ಬಲಗಡೆ ಸೀಟು ಅವರಿಗೆ ಬೇರೆಯಾಗಿ ಬರೆಯುತ್ತೇನೆ. ನನ್ನ ವಿಮಾನ ಯಾವ ಕಡೆಗೆ ಬೀಳುತ್ತದೆ ಅಂತ ನನಗೇ ಗೊತ್ತಿಲ್ಲ ಅನ್ನುವುದು ಈಗ ಹೊಳೆಯಿತು.

ಜಾಮ್ ನಟ್:

ಸರಿ. ಬರೆದುಕೊಳ್ಳಿ. 310 ಗಂಟೆ. ಎಡ ಏಲರಾನ್ (ವಿಮಾನ ವಾಲಿಸಲು ರೆಕ್ಕೆಯ ಹಿಂಅಂಚಿನಲ್ಲಿರುವ ಪಟ್ಟಿ) ಅಲ್ಲಾಡಿಸುವ ಪುಶ್‌ರಾಡ್ ಎಂಬ ಸರಳು, ಅದರ ಒಳಗಿನ ತುದಿ. ಜೋಡಣೆ ಸಡಿಲವಾಗದ ಹಾಗೆ ಹಿಡಿಯುವ ಅಲ್ಲಿನ ಜಾಮ್ ನಟ್ ಕೈಯಲ್ಲೇ ತಿರುಗುತ್ತಿತ್ತು. ಬಿಗಿ ಮಾಡಿದ ಮೇಲೆ ಹಚ್ಚುವ ಬಣ್ಣದ ಗೀರು ಅದರ ಮೇಲೆ ಇರಲಿಲ್ಲ. ಅಂದರೆ ಮೊದಲಿಂದಲೂ ಬಿಗಿ ಮಾಡಿರಲಿಲ್ಲ. ಕಟ್ಟಿದವನು ನಾನೇ. ಎರಡು ವಾರ್ಷಿಕ ತಪಾಸಣೆ ಮಾಡಿದವನೂ ನಾನೇ.

ಎರಡನೇ ಮಾಲೀಕ:

ಬರೆದುಕೊಂಡೆ, ಎರಡನೇ ಸಾಲು. ನಾಳೆ ಬೆಳಿಗ್ಗೆ ನನ್ನದರ ಮುಚ್ಚಳ ಬಿಚ್ಚುತ್ತೇನೆ. ಬಲಗಡೆಯದೂ ನೋಡಿದ್ರಾ?